ಎಫ್‌ಜಿ ಗಂಟು ಕೊನೆಗೂ ಜಾರದೆ ನಿಂತಿತು

ಕೊನೆಗೂ ನಿಂತಿತು. ತೂಕದ ಕೊಕ್ಕೆಗೆ ಸಿಕ್ಕಿಸಿ ಎಳೆದರೆ ಬ್ರೇಡ್ ದಾರವೇ (ಸಣ್ಣ ಎಳೆಗಳನ್ನು ಹೆಣೆದು ಮಾಡಿದ ಗಾಳದ ದಾರ) ಗಂಟಿನಿಂದ ಮೊಳದಷ್ಟು ದೂರದಲ್ಲಿ ಪಟ್ ಅಂತ ತುಂಡಾಯಿತು. ಬ್ರೇಡಿನ ತುದಿಗೆ ಲೀಡರ್ ಅನ್ನುವ ಇನ್ನೊಂದು ದಾರವನ್ನು ಜೋಡಿಸುವ ಎಫ್‌ಜಿ ಗಂಟು ಹಾಗೇ ಇತ್ತು, ಕೂದಲೆಳೆಯಷ್ಟೂ ಜರುಗಿರಲಿಲ್ಲ. ಇದರ ಖುಷಿ ಏನು ಅಂತ ಗಾಳ ಹಾಕುವವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಮಳೆಗಾಲದಲ್ಲಿ ಶುರುವಾದ ಕೆಲಸ ಇದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳೆಲ್ಲ ದಡದಲ್ಲಿರುತ್ತವೆ. ಆ ಹೊತ್ತಿನ ಕಡಲು ನೋಡಿದರೆ ಬಂಡೆ ಮೇಲೆ ರಾಡ್ ಹಿಡಿದು ನಿಲ್ಲುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ, ನಿಲ್ಲಲೂಬಾರದು. ಹಾಗಾಗಿ ಮನೆಯಲ್ಲಿ ಕೂತು ದೋಣಿಗೆ, ಗಾಳಕ್ಕೆ, ಬಂಡೆ ಹತ್ತುವುದಕ್ಕೆ ಬೇಕಾದ ಗಂಟುಗಳನ್ನೆಲ್ಲ ಸಾಲಾಗಿ ಹಿಡಿದುಕೊಂಡೆ. ಬೋಲೈನ್ (ಎಳೆದರೂ ಚಿಕ್ಕದಾಗದ ಕುಣಿಕೆ), ಫಿಗರ್ ಎಯ್ಟ್, ಕ್ಲೋವ್ ಹಿಚ್, ಟ್ರಕರ್ಸ್ ಹಿಚ್ ಇವೆಲ್ಲ ನಿಮ್ಮ ಕೈಗೂ ಬಂದಿರುತ್ತವೆ, ಅವುಗಳ ಬಗ್ಗೆ ಬರೆಯುತ್ತಾ ಕೂರುವುದಿಲ್ಲ. ಎರಡೇ ಮಾತು. ನಮ್ಮ ಬಂದರುಗಳಲ್ಲೆಲ್ಲ ಕಾಣುವ ಒರಟು ಪಾಲಿಪ್ರೊಪಿಲೀನ್ ಹಗ್ಗದಲ್ಲಿ ಬೋಲೈನ್ ಹಾಕುವುದಾದರೆ ಬಾಲ, ಅಂದರೆ ಗಂಟಿನಾಚೆ ಉಳಿಯುವ ತುದಿ, ಧಾರಾಳವಾಗಿ ಬಿಡಿ, ಭಾರ ಇಲ್ಲದೆ ಅಲ್ಲಾಡುತ್ತಿದ್ದರೆ ಅದು ತಾನಾಗಿಯೇ ಸಡಿಲಾಗುತ್ತದೆ. ದೋಣಿಯನ್ನು ಕಂಬಕ್ಕೆ ಕಟ್ಟಿ ಮನೆಗೆ ಹೋಗುವುದಾದರೆ ಬರೀ ಕ್ಲೋವ್ ಹಿಚ್ ನಂಬಬೇಡಿ. ಕಂಬಕ್ಕೆ ಪೂರ್ತಿ ಸುತ್ತು ತಂದು ಮೇಲೆ ಎರಡು ಹಾಫ್ ಹಿಚ್ (ಒಂದು ಸುತ್ತು ತಂದು ತುದಿಯನ್ನು ಅದರೊಳಗೇ ತೂರಿಸುವ ಸರಳ ಗಂಟು) ಹಾಕಿದರೆ ರಾತ್ರಿ ನಿದ್ದೆ ಬರುತ್ತದೆ. ಟ್ರಕರ್ಸ್ ಹಿಚ್ ಮಾತ್ರ ನಮ್ಮ ಮನೆಯಲ್ಲಿ ತುಂಬಾ ಹೆಸರು ಮಾಡಿದೆ. ಬಟ್ಟೆ ಒಣಹಾಕುವ ಹಗ್ಗ ಈಗ ಎಷ್ಟು ಒದ್ದೆ ಬೆಡ್‌ಶೀಟ್ ಹೇರಿದರೂ ಜೋತು ಬೀಳುವುದಿಲ್ಲ. ಅಕ್ಕಪಕ್ಕದವರೂ ಕರೆದು ಕಟ್ಟಿಸಿಕೊಂಡಿದ್ದಾರೆ.

ತಲೆ ತಿಂದಿದ್ದು ಎಫ್‌ಜಿ.

ನನ್ನ ಸೆಟ್ 9 ಅಡಿ ರಾಡ್, ಪಿಇ 1.5 ಬ್ರೇಡ್ (ಪಿಇ ಅಂದರೆ ದಾರದ ದಪ್ಪದ ಅಂಕ), ಅದರ ಮುಂದೆ 30 ಪೌಂಡ್ ಎಳೆತ ತಡೆಯುವ ಫ್ಲೋರೋಕಾರ್ಬನ್ ಲೀಡರ್, ಉಜ್ಜಿದರೂ ಸುಲಭಕ್ಕೆ ಹರಿಯದ ಒಂಟಿ ಎಳೆಯ ದಾರ. ಜಾಗ ಉಡುಪಿ ಕಡೆಯ ಕೋಡಿ ಬೆಂಗ್ರೆಯ ಅಳಿವೆ, ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಕಡೆ. ಅಲ್ಲಿನ ಕಲ್ಲಿನ ಸಂದಿಗಳಲ್ಲಿ ಕೆಂಬೇರಿ ಮೀನು ಕೂತಿರುತ್ತದೆ. ಕಚ್ಚಿದ ಕೂಡಲೇ ಸಂದಿಯೊಳಗೆ ನುಗ್ಗುವುದೇ ಅದರ ಕಸುಬು. ಬ್ರೇಡ್ ಒಂದು ಸಲ ಕಲ್ಲಿಗೆ ಉಜ್ಜಿತೋ, ಕಥೆ ಮುಗಿಯಿತು. ಅದಕ್ಕೇ ಲೀಡರ್ ಬೇಕು, ಉದ್ದವಾಗಿಯೇ ಬೇಕು. ಉದ್ದ ಲೀಡರ್ ಅಂದರೆ ಎಸೆಯುವ ಮೊದಲು ಗಂಟು ರಾಡಿನ ರಿಂಗ್‌ಗಳ ಒಳಗೆ ಬಂದು ಕೂರುತ್ತದೆ, ಎಸೆದಾಗ ಎಲ್ಲ ರಿಂಗ್ ದಾಟಿ ಹೊರಗೆ ಹೋಗಬೇಕು. ಡಬಲ್ ಯೂನಿ ಗಟ್ಟಿ ಗಂಟೇ, ಆದರೆ ದಪ್ಪ. ತುದಿಯ ರಿಂಗಿಗೆ ಟಕ್ ಅಂತ ಬಡಿದು ಲ್ಯೂರ್ (ಗಾಳದ ನಕಲಿ ಮೀನು) ಅರ್ಧ ದೂರಕ್ಕೇ ಬೀಳುತ್ತದೆ. ಆಲ್ಬ್ರೈಟ್ ಸ್ವಲ್ಪ ವಾಸಿ, ಆದರೂ ಲೀಡರ್ ಅಲ್ಲಿ ಮಡಚಿರುತ್ತದೆ. ಎಫ್‌ಜಿಯಲ್ಲಿ ಲೀಡರ್ ಮಡಚುವುದೇ ಇಲ್ಲ. ಅದು ನೆಟ್ಟಗೆ ಇರುತ್ತದೆ, ಬ್ರೇಡ್ ಮಾತ್ರ ಅದರ ಸುತ್ತ ಹೆಣೆದುಕೊಂಡು ಹಿಡಿಯುತ್ತದೆ. ರಿಂಗ್‌ಗಳಲ್ಲಿ ನುಣ್ಣಗೆ ಜಾರಿ ಹೋಗುತ್ತದೆ.

ಅದು ಗಂಟು ನಿಂತರೆ. ನಿಲ್ಲದಿದ್ದರೆ ಏನಾಗುತ್ತದೆ ಅಂತ ನೋಡಿದವರಿಗೆ ಗೊತ್ತು. ಎಳೆಯುತ್ತೀರಿ, ಗಟ್ಟಿಯಾಗೇ ಇದೆ ಅನಿಸುತ್ತದೆ, ಇನ್ನೂ ಸ್ವಲ್ಪ ಎಳೆಯುತ್ತೀರಿ, ಸುಂಯ್ ಅಂತ ಲೀಡರ್ ಹೊರಗೆ ಬಂದುಬಿಡುತ್ತದೆ. ಕೈಯಲ್ಲಿ ಉಳಿಯುವುದು ಬ್ರೇಡಿನ ಖಾಲಿ ಹೆಣಿಗೆ. ತುಂಡಾಗಿದ್ದರಾದರೂ ಎಲ್ಲಿ ಬಲ ಸಾಲಲಿಲ್ಲ ಅಂತ ತಿಳಿಯುತ್ತಿತ್ತು. ಜಾರಿದ ಗಂಟು ಏನನ್ನೂ ಹೇಳುವುದಿಲ್ಲ. ಜಾಸ್ತಿ ಸುತ್ತು ಹಾಕಿದರೂ ಜಾರುತ್ತಿತ್ತು, ಹಾಫ್ ಹಿಚ್ ಜಾಸ್ತಿ ಮಾಡಿದರೂ ಜಾರುತ್ತಿತ್ತು.

ಯಾಕೆ ಜಾರುತ್ತದೆ ಅನ್ನುವುದನ್ನು ಮೊದಲು ಹಿಡಿಯಬೇಕು. ಬ್ರೇಡ್ ಅಂದರೆ ಪಾಲಿಎಥಿಲೀನ್, ಡೈನೀಮಾ ಅನ್ನುವ ಮಹಾ ಗಟ್ಟಿ ಹಗ್ಗದ ಅದೇ ವಸ್ತು, ಮಹಾ ನುಣುಪು. ಹಗ್ಗ ಕಂಬಕ್ಕೆ ಸುತ್ತಿದಾಗ ಹಿಡಿತ ಸುತ್ತಿಗೊಂದಿಷ್ಟು ಅಂತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಘರ್ಷಣೆಯ ಅಂಕ 0.25 ಇರುವ ಹಗ್ಗವಾದರೆ ಒಂದು ಸುತ್ತಿಗೆ ಹಿಡಿತ ಸುಮಾರು 5 ಪಟ್ಟು, ಎರಡು ಸುತ್ತಿಗೆ 20 ಪಟ್ಟು ದಾಟುತ್ತದೆ. ಅದಕ್ಕೇ ಒಬ್ಬನೇ ನಿಂತು ದೊಡ್ಡ ದೋಣಿಯನ್ನು ಕಂಬಕ್ಕೆ ಎರಡು ಸುತ್ತು ಹಾಕಿ ಹಿಡಿದು ನಿಲ್ಲಿಸುವುದು. ಅದೇ ಅಂಕ 0.07 ಆಗಿದ್ದರೆ ಒಂದು ಸುತ್ತಿಗೆ ಸಿಗುವುದು ಬರೀ ಒಂದೂವರೆ ಪಟ್ಟು. ಎರಡು ಸುತ್ತು ಹಾಕಿದರೂ ಎರಡೂವರೆ ಪಟ್ಟು ಮುಟ್ಟುವುದಿಲ್ಲ. ನೈಲಾನ್ ದಾರದಲ್ಲಿ ಕಣ್ಣು ಮುಚ್ಚಿ ನಂಬುವ ಗಂಟುಗಳು ಬ್ರೇಡಿನಲ್ಲಿ ಕೈಕೊಡುವುದು ಇದಕ್ಕೇ. ಇಂಥ ದಾರವನ್ನು ಒಂದು ಕಡೆ ಬಿಗಿದು ನಿಲ್ಲಿಸಲು ಆಗುವುದಿಲ್ಲ. ಉದ್ದಕ್ಕೂ ಹಿಡಿಸಬೇಕು, ಒಂದೊಂದು ಸುತ್ತೂ ಲೀಡರಿಗೆ ಕಚ್ಚಿಕೊಂಡಿರಬೇಕು. ಒಂದು ಸುತ್ತು ಸಡಿಲವಾಗಿದ್ದರೆ ಅದರ ಪಾಲಿನ ಭಾರ ಪಕ್ಕದ ಸುತ್ತಿನ ಮೇಲೆ ಬೀಳುತ್ತದೆ, ಅದು ಜಾರುತ್ತದೆ, ಆಮೇಲೆ ಸಾಲಾಗಿ ಎಲ್ಲವೂ.

ಇಲ್ಲಿ ಬ್ರೇಡ್ ಮಾರಿದವರಿಗೆ ಎರಡು ಮಾತು ಹೇಳಲೇಬೇಕು. ಆನ್‌ಲೈನ್‌ನಲ್ಲಿ ತರಿಸಿದ ಸ್ಪೂಲ್. ಮೇಲೆ ದೊಡ್ಡದಾಗಿ 8 ಎಳೆ, 0.20 ಮಿಲಿಮೀಟರ್ ಅಂತ ಬರೆದಿದೆ. ಪಿಇ 1.5 ಅಂದರೆ 0.205 ಇರಬೇಕು, ಸರಿಯಾಗೇ ಇದೆ ಅನಿಸುತ್ತದೆ. ಒಂದು ಪೆನ್ಸಿಲ್ ತಗೊಂಡು ಪಕ್ಕಪಕ್ಕಕ್ಕೆ ಒತ್ತಾಗಿ, ಒಂದರ ಮೇಲೊಂದು ಏರದ ಹಾಗೆ ಸುತ್ತಿ. 1 ಸೆಂಟಿಮೀಟರಿನಲ್ಲಿ ಎಷ್ಟು ಸುತ್ತು ಕೂರುತ್ತವೆ ಅಂತ ಎಣಿಸಿ. 0.20 ಆದರೆ 50ರ ಹತ್ತಿರ ಬರಬೇಕು. ಇದರಲ್ಲಿ ಬಂದಿದ್ದು 31. ಅಂದರೆ ದಾರ 0.32 ಮಿಲಿಮೀಟರ್! 30 ಪೌಂಡಿನ ಲೀಡರ್ ಇರುವುದೇ 0.47ರ ಆಸುಪಾಸಿನಲ್ಲಿ. ಇಷ್ಟು ದಪ್ಪ ಬ್ರೇಡ್ ಅಷ್ಟು ಸಣ್ಣ ಲೀಡರಿಗೆ ಕಚ್ಚುವುದಾದರೂ ಹೇಗೆ? ಮೇಲಿಂದ ಮೇಣದಂಥ ಲೇಪ ಬೇರೆ. ದಪ್ಪ ದಾರವನ್ನು ಸಣ್ಣದು ಅಂತ ಬರೆದರೆ 'ಇಷ್ಟು ಸಣ್ಣಕ್ಕಿದ್ದೂ ಇಷ್ಟು ಗಟ್ಟಿ' ಅಂತ ಮಾರಬಹುದಲ್ಲ, ಅದಕ್ಕೆ ಈ ಆಟ. ವಾಪಸ್ ತಗೊಳ್ಳಿ ಅಂದರೆ ಸ್ಪೂಲ್ ಬಿಚ್ಚಿದ್ದೀರಿ ಅಂದರು. ಬಿಚ್ಚದೆ ದಪ್ಪ ಅಳೆಯುವ ವಿದ್ಯೆಯನ್ನು ಅವರೇ ಕಲಿಸಿಕೊಡಬೇಕು. ದಯವಿಟ್ಟು ಸ್ಪೂಲ್ ಬಂದ ದಿನವೇ ಪೆನ್ಸಿಲಿಗೆ ಸುತ್ತಿ ನೋಡಿ, ಫೋಟೋ ತೆಗೆದಿಡಿ.

ಬೇರೆ ಬ್ರೇಡ್ ಬಂತು, ಅಳತೆ ಸರಿಯಾಗಿತ್ತು. ಜಾರುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ನಾಲ್ಕು ಸಲ ನಿಂತರೆ ಐದನೆಯದು ಜಾರಿತು ಅನ್ನುವ ಹಾಗೆ. ಗಾಳಕ್ಕೆ ಇದು ಇನ್ನೂ ಕೆಟ್ಟದ್ದು, ಯಾವ ಗಂಟನ್ನು ನಂಬಬೇಕು ಅಂತ ಗೊತ್ತಾಗುವುದಿಲ್ಲ.

ದಾರಿ ತೋರಿಸಿದ್ದು ಪಕ್ಕದ ಮನೆಯ ಹೂವಿನ ಅಮ್ಮ. ಶಂಕರಪುರ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟುತ್ತಾ ಕೂತಿದ್ದರು. ನಾರಿನ ತುದಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಿದ್ದರು. ಕೈಗಳೆರಡೂ ಹೂವಿಗೆ, ಎಳೆತ ಪೂರಾ ಕಾಲಿಗೆ. ಮಾತಾಡುತ್ತಾ, ನಗುತ್ತಾ, ಮಧ್ಯೆ ಮೊಮ್ಮಗನನ್ನು ಗದರುತ್ತಾ ಕಟ್ಟುತ್ತಿದ್ದರೂ ನಾರು ಒಂದು ಕ್ಷಣವೂ ಸಡಿಲಾಗುತ್ತಿರಲಿಲ್ಲ. ಎಫ್‌ಜಿಯಲ್ಲಿ ತೊಂದರೆ ಇರುವುದೇ ಅಲ್ಲಿ. ಹಲ್ಲಲ್ಲಿ ಕಚ್ಚಿಕೊಂಡೋ ಬೆರಳಿಗೆ ಸುತ್ತಿಕೊಂಡೋ ಮಾಡಿದರೆ, ಕೈ ಬದಲಿಸುವಾಗ ಪ್ರತಿ ಸುತ್ತಿಗೂ ಒಂದು ಚೂರು ಎಳೆತ ಸೋರಿಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಹೆಣಿಗೆ ಚೆಂದವಾಗೇ ಇರುತ್ತದೆ.

ಈಗ ಮಾಡುವುದು ಹೀಗೆ. ರಾಡನ್ನು ಕಿಟಕಿಯ ಸರಳಿಗೆ ಕಟ್ಟಿ ರೀಲಿನ ಡ್ರ್ಯಾಗ್ (ದಾರ ಬಿಚ್ಚಿಕೊಳ್ಳದಂತೆ ತಡೆಯುವ ಬ್ರೇಕ್) ಬಿಗಿ ಮಾಡುತ್ತೇನೆ. ತುದಿಯಿಂದ ಬಂದ ಬ್ರೇಡನ್ನು ಒಂದು ಕಡ್ಡಿಗೆ ಸುತ್ತಿ, ಆ ಕಡ್ಡಿಯನ್ನು ಕಾಲ್ಬೆರಳ ಸಂದಿಯಲ್ಲಿ ಹಿಡಿಯುತ್ತೇನೆ. ಬರಿ ಹೆಬ್ಬೆರಳಿಗೆ ಬ್ರೇಡ್ ಸುತ್ತಬೇಡಿ, ಕೊಯ್ದುಬಿಡುತ್ತದೆ. ರಾಡಿನ ತುದಿ ಸ್ವಲ್ಪ ಬಾಗುವಷ್ಟು ಎಳೆತ ಇರಬೇಕು, ಮುಗಿಯುವವರೆಗೂ ಬಾಗಿಯೇ ಇರಬೇಕು. ಅದೇ ನನಗೆ ಮೀಟರು. ತುದಿ ನೆಟ್ಟಗಾಯಿತು ಅಂದರೆ ಎಳೆತ ಹೋಯಿತು, ಬಿಚ್ಚಿ ಮೊದಲಿನಿಂದ ಶುರು. ಲೀಡರಿನ ಸುರುಳಿ ಮೊದಲೇ ಬಿಡಿಸಿಡಿ, ಬಟ್ಟೆಯಲ್ಲಿ ಹಿಡಿದು ನಿಧಾನವಾಗಿ ಎಳೆದರೆ ನೆಟ್ಟಗಾಗುತ್ತದೆ. ಆಮೇಲೆ ಲೀಡರಿನ ತುದಿಯನ್ನು ಬ್ರೇಡಿನ ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ, ಸರದಿ ತಪ್ಪದೆ 20 ಸಲ. ಸುತ್ತುಗಳು ಒಂದರ ಪಕ್ಕ ಒಂದು ಕೂರಬೇಕು, ಮೇಲೇರಬಾರದು. ಮುಗಿದ ಕೂಡಲೇ ಬೆರಳಲ್ಲಿ ಒತ್ತಿ ಹಿಡಿದು, ಲೀಡರ್ ಮತ್ತು ಬ್ರೇಡ್ ಎರಡನ್ನೂ ಸೇರಿಸಿ ಒಂದೇ ಒಂದು ಹಾಫ್ ಹಿಚ್.

ಇಲ್ಲಿ ನಿಲ್ಲಿ. ಇದೇ ಎರಡನೇ ಗುಟ್ಟು. ಎಲ್ಲ ಹಾಫ್ ಹಿಚ್ ಹಾಕಿ ಮುಗಿಸಿ ಕೊನೆಗೆ ಎಳೆದರೆ ಹೆಣಿಗೆ ಒಳಗೆ ಕಚ್ಚುವುದೇ ಇಲ್ಲ, ಹಿಚ್‌ಗಳು ಅದನ್ನು ಅಲ್ಲೇ ತಡೆದುಬಿಡುತ್ತವೆ. ಒಂದು ಹಿಚ್ ಆದ ಕೂಡಲೇ ಹೆಣಿಗೆಯನ್ನು ನೀರಲ್ಲಿ ಒದ್ದೆ ಮಾಡಿ, ಕೈಗೆ ಗ್ಲೌಸ್ ಹಾಕಿ, ಒಂದು ಕಡೆ ಬ್ರೇಡ್ ಇನ್ನೊಂದು ಕಡೆ ಲೀಡರ್ ಹಿಡಿದು ಮೈಯ ಬಲ ಹಾಕಿ ಎಳೆಯಿರಿ. ಕಣ್ಣು ಹೆಣಿಗೆಯ ಮೇಲೇ ಇರಲಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಒಂದು ತುದಿಯಿಂದ ಬಣ್ಣ ಬದಲಾಗುತ್ತದೆ. ತಿಳಿ ಹಸಿರು ಬ್ರೇಡ್ ಸುತ್ತು ಸುತ್ತಾಗಿ ಕಡು ಹಸಿರಾಗುತ್ತಾ ಬರುತ್ತದೆ, ಉಬ್ಬಿದ್ದ ಎಳೆಗಳು ಚಪ್ಪಟೆಯಾಗಿ ಲೀಡರಿಗೆ ಅಂಟಿಕೊಳ್ಳುತ್ತವೆ, ಹೆಣಿಗೆಯ ಉದ್ದವೂ ಸ್ವಲ್ಪ ಬದಲಾಗುತ್ತದೆ. ಉಗುರಿನಲ್ಲಿ ನೂಕಿ ನೋಡಿ. ಕಚ್ಚಿದ್ದರೆ ಜರುಗುವುದಿಲ್ಲ. ಎಲ್ಲಾದರೂ ತಿಳಿ ಬಣ್ಣದ ಪಟ್ಟೆ ಉಳಿದಿದ್ದರೆ ಆ ಗಂಟನ್ನು ಕತ್ತರಿಸಿ ಹಾಕಿ, ಕಡಲಿಗೆ ಒಯ್ಯಬೇಡಿ.

ಉಳಿದದ್ದು ನಿಮಗೆ ಗೊತ್ತಿರುವುದೇ. ಎಡಕ್ಕೊಂದು ಬಲಕ್ಕೊಂದು ಹಾಫ್ ಹಿಚ್, ಲೀಡರಿನ ತುದಿ ಕತ್ತರಿಸುವುದು, ಆಮೇಲೆ ಬರೀ ಬ್ರೇಡಿನ ಮೇಲೆ ಕೆಲವು ಹಿಚ್, ಕೊನೆಗೆ ಮತ್ತೊಮ್ಮೆ ಎಳೆತ. ಲೀಡರಿನ ತುದಿಯನ್ನು ಲೈಟರಿನಲ್ಲಿ ಸುಟ್ಟು ಗುಂಡಗೆ ಮಾಡುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಪಾಲಿಎಥಿಲೀನ್ 145 ಡಿಗ್ರಿಯ ಸುತ್ತಮುತ್ತ ಕರಗುತ್ತದೆ, ಬೆಂಕಿ ಒಂದು ಕೂದಲೆಳೆ ಆಚೀಚೆಯಾದರೆ ಇಷ್ಟು ಹೊತ್ತಿನ ಕೆಲಸವೆಲ್ಲ ಹೋಯಿತು. ಹೆಣಿಗೆ ಕಚ್ಚಿದ್ದರೆ ಆ ಗುಂಡು ಬೇಕಾಗುವುದೂ ಇಲ್ಲ.

ಮನೆಯಲ್ಲಿ ನಿಂತ ಗಂಟನ್ನು ಅಳಿವೆಗೆ ಒಯ್ದೆ. ಎಸೆತ ಎಷ್ಟು ಸಲೀಸು ಅಂದರೆ ಗಂಟು ರಿಂಗ್ ದಾಟಿದ್ದು ಕೈಗೆ ಗೊತ್ತಾಗಲೇ ಇಲ್ಲ. ಇಳಿತದ ಹೊತ್ತಿಗೆ ಒಂದು ಕೆಂಬೇರಿ ಹಿಡಿಯಿತು, ನೇರ ಕಲ್ಲಿನ ಕಡೆಗೇ ಓಡಿತು. ಡ್ರ್ಯಾಗ್ ಒತ್ತಿ ಹಿಡಿದೆ, ಬಿಡಲಿಲ್ಲ. ಗಂಟಿನ ಬಗ್ಗೆ ಯೋಚನೆಯಿಲ್ಲದೆ ಮೀನನ್ನು ಅಷ್ಟು ಗಟ್ಟಿಯಾಗಿ ಹಿಡಿದಿದ್ದು ಅದೇ ಮೊದಲು. ಲೀಡರ್ ಒಂದು ಕಡೆ ಉಜ್ಜಿ ಒರಟಾಗಿತ್ತು, ಅಷ್ಟೇ. ಮೀನು ಮೇಲೆ ಬಂತು, ರಾತ್ರಿ ಊಟಕ್ಕೆ ಮನೆಮಂದಿಯೆಲ್ಲ ಎಫ್‌ಜಿಯನ್ನು ಹೊಗಳಿದರು.

ಇದನ್ನು ಮಾಡುತ್ತಾ ಮಾಡುತ್ತಾ ತಲೆಯಲ್ಲಿ ಪ್ರುಸಿಕ್ ಗಂಟು ಓಡಾಡುತ್ತಿತ್ತು. ಚಳಿಗಾಲದಲ್ಲಿ ಬಾದಾಮಿಯ ಕೆಂಪು ಕಲ್ಲು ಹತ್ತಲು ಹೋಗುತ್ತೇವೆ. ಅಲ್ಲಿ ಹಗ್ಗದಲ್ಲಿ ಇಳಿಯುವಾಗ ಬೆಂಬಲಕ್ಕೆ ಹಾಕುವ ಗಂಟೂ ಇದೇ ಜಾತಿಯದು, ಸುತ್ತುಗಳು ಉದ್ದಕ್ಕೂ ಹಿಡಿಯುವಂಥದ್ದು. ಆಸ್ಟ್ರಿಯಾದ ಕಾರ್ಲ್ ಪ್ರುಸಿಕ್ 1931ರಲ್ಲಿ ಅದನ್ನು ಪರ್ವತಾರೋಹಿಗಳಿಗೆ ತೋರಿಸಿಕೊಟ್ಟರು. ಅಲ್ಲಿಯೂ ಕುಣಿಕೆಯ ದಾರ ಮುಖ್ಯ ಹಗ್ಗಕ್ಕಿಂತ ಸಣ್ಣದಿರಬೇಕು, ಇಲ್ಲದಿದ್ದರೆ ಕಚ್ಚುವುದಿಲ್ಲ. 10 ಮಿಲಿಮೀಟರ್ ಹಗ್ಗಕ್ಕೆ 6 ಮಿಲಿಮೀಟರ್ ನೈಲಾನ್ ಕಾರ್ಡ್ ಚೆನ್ನಾಗಿ ಹಿಡಿಯುತ್ತದೆ. ಇಎನ್ 564 ಗುರುತು (ಇಂಥ ಕಾರ್ಡಿಗೆ ಯುರೋಪಿನ ಗುಣಮಟ್ಟ) ಇರುವುದನ್ನೇ ತಗೊಳ್ಳಿ, 6 ಮಿಲಿಮೀಟರಿನದು ಕನಿಷ್ಠ 7.2 ಕಿಲೋನ್ಯೂಟನ್ ತಡೆಯಲೇಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ 'ಸೇಮ್ ಮಾಲು ಸಾರ್' ಅಂತ ಕೊಡುವ ಬಣ್ಣದ ಹಗ್ಗ ಚಪ್ಪರ ಕಟ್ಟಲು ಇರಲಿ, ಜೀವ ನೇತುಹಾಕಲು ಬೇಡ. ಡೈನೀಮಾ ಸ್ಲಿಂಗ್ (ಹೊಲಿದ ಪಟ್ಟಿಯ ಕುಣಿಕೆ) ಇದೆಯಲ್ಲ ಅಂತ ಅದರಲ್ಲೇ ಪ್ರುಸಿಕ್ ಹಾಕಬೇಡಿ. ನುಣುಪಿಗೆ ಜಾರುತ್ತದೆ, ಜಾರಿದರೆ ಬಿಸಿಯಾಗುತ್ತದೆ, ಅದು ಕರಗುವುದು ಎಷ್ಟು ಬೇಗ ಅಂತ ಮೇಲೆಯೇ ಹೇಳಿದ್ದೇನೆ.

ಮುಂದಿನ ಕೆಲಸವೂ ನಿಶ್ಚಯವಾಗಿದೆ. ದೋಣಿಯ ಲಂಗರಿಗೆ ತುಕ್ಕು ಹಿಡಿಯುವ ಕಬ್ಬಿಣದ ಶ್ಯಾಕಲ್ (ಕೊಂಡಿ) ತೆಗೆದು ಡೈನೀಮಾದ ಸಾಫ್ಟ್ ಶ್ಯಾಕಲ್ (ಹಗ್ಗದಲ್ಲೇ ಮಾಡಿದ ಕೊಂಡಿ) ಹಾಕುವುದು, ಹಗ್ಗದ ತುದಿಗೆ ಗಂಟಿನ ಬದಲು ಕಣ್ಣಿನ ಸ್ಪ್ಲೈಸ್ (ಗಂಟಿಲ್ಲದೆ ಮಾಡುವ ಕುಣಿಕೆ) ಮಾಡುವುದು. ಡೈನೀಮಾಗೆ ಗಂಟು ಹಾಕಿದರೆ ಅರ್ಧಕ್ಕಿಂತ ಜಾಸ್ತಿ ಬಲ ಹೋಗುತ್ತದೆ. ಸ್ಪ್ಲೈಸ್‌ನಲ್ಲಿ ಬಾಲವನ್ನು ಟೊಳ್ಳು ಹಗ್ಗದ ಹೊಟ್ಟೆಯೊಳಗೇ ಹೂತುಬಿಡುವುದರಿಂದ, ಎಳೆದಷ್ಟೂ ಹೊರಗಿನ ಹೆಣಿಗೆ ಒಳಗಿನದನ್ನು ಅಮುಕಿ ಹಿಡಿಯುತ್ತದೆ. ಹೂಳುವ ಉದ್ದ ವ್ಯಾಸದ 72 ಪಟ್ಟು, 5 ಮಿಲಿಮೀಟರ್ ಹಗ್ಗಕ್ಕೆ 36 ಸೆಂಟಿಮೀಟರ್. ಬಾಲದ ತುದಿಯ ಎಳೆಗಳನ್ನು ಹಂತಹಂತವಾಗಿ ಕತ್ತರಿಸಿ ಚೂಪು ಮಾಡಬೇಕು, ಇಲ್ಲದಿದ್ದರೆ ಅದು ಮುಗಿಯುವ ಜಾಗದಲ್ಲೇ ಹಗ್ಗ ಸೋಲುತ್ತದೆ. ಹೂಳುವುದಕ್ಕೆ ಸೂಜಿ ಬೇಕು, ಹಳೆಯ ಅಲ್ಯುಮಿನಿಯಂ ಹೆಣಿಗೆ ಕಡ್ಡಿಯೊಂದನ್ನು ಅತ್ತೆ ಆಗಲೇ ಕೊಟ್ಟಿದ್ದಾರೆ. ಹಗ್ಗ ಮಾತ್ರ ಇನ್ನೂ ಸಿಕ್ಕಿಲ್ಲ. 12 ಎಳೆಯ ಟೊಳ್ಳು ಡೈನೀಮಾ, 5 ಮಿಲಿಮೀಟರ್, ಮೀಟರ್ ಲೆಕ್ಕದಲ್ಲಿ, ಬರೆದ ಅಳತೆಗೆ ಸರಿಯಾಗಿ ಕೊಡುವವರು ಯಾರಾದರೂ ಗೊತ್ತಿದ್ದರೆ ಹೇಳಿ. ಪೆನ್ಸಿಲ್ ಹಿಡಿದುಕೊಂಡೇ ಬರುತ್ತೇನೆ.