ಕಾಯಿಗೆ ಕೈ ಹಾಕುವ ಮೊದಲು

ಉಡುಪಿ ಹತ್ತಿರದ ಶಾಲೆಯೊಂದರಲ್ಲಿ ನಾಲ್ಕನೇ ಕ್ಲಾಸಿಗೆ ಗಣಿತ ಹೇಳಿಕೊಡುತ್ತೇನೆ. ಆಟದಿಂದ ಲೆಕ್ಕ ಕಲಿಸಬೇಕೆಂದು ಮೊದಲಿನಿಂದಲೂ ನಂಬಿದವಳು, ಆದರೆ ಬಹಳ ಕಾಲ ತಪ್ಪಾಗಿ ಮಾಡಿದೆ. ಲೆಕ್ಕ ಬೇಗ ಮುಗಿಸಿದವರಿಗೆ ಆಟದ ಪೆಟ್ಟಿಗೆ ಕೊಡುತ್ತಿದ್ದೆ. ಆಟ ಯಾರಿಗೆ ಬೇಕಿತ್ತೋ ಅವರು ಗಂಟೆ ಹೊಡೆಯುವವರೆಗೂ ಪುಸ್ತಕದ ಮೇಲೆ ಬಾಗಿಕೊಂಡೇ ಇರುತ್ತಿದ್ದರು.

ಕಳೆದ ಆಟಿ ತಿಂಗಳ ಬಿಡದ ಮಳೆಯಲ್ಲಿ ಅಜ್ಜಿಮನೆಯ ಅಟ್ಟದಿಂದ ಚೆನ್ನೆಮಣೆ ತಂದೆ. ಬದಿಗೆ ಏಳರಂತೆ 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ, ಮುಂದಿನ ಗುಳಿಯಿಂದ ಒಂದೊಂದರಂತೆ ಹಾಕುತ್ತ ಮಣೆ ಸುತ್ತುವ ಆಟ. ಆಡುವ ಕಾಯಿ, ಅಂದರೆ ಮಂಜೊಟ್ಟಿಯ ಕೆಂಪು ಬೀಜ, ಒಂದು ಮಣೆಗಷ್ಟೇ ಇತ್ತು. ಉಳಿದವರಿಗೆ ನೆಲದಲ್ಲಿ ಚಾಕ್‌ನಿಂದ ಗುಳಿ ಬರೆದು ಹುಣಸೆ ಬೀಜ ಕೊಟ್ಟೆ. ಈ ಸಲ ಎಲ್ಲರಿಗೂ, ಪಾಠದ ಹೊತ್ತಿನಲ್ಲೇ.

ಎರಡು ದಿನ ಬರೀ ಗಲಾಟೆ. ಮೂರನೇ ದಿನ ಒಂದು ನಿಯಮ ಸೇರಿಸಿದೆ: ಗುಳಿಗೆ ಕೈ ಹಾಕುವ ಮೊದಲು ಕೊನೆಯ ಕಾಯಿ ಎಲ್ಲಿ ಬೀಳುತ್ತದೆಂದು ಹೇಳಬೇಕು. ಕ್ಲಾಸು ತಣ್ಣಗಾಯಿತು.

ಭಾಗಾಕಾರವೆಂದರೆ ಪುಸ್ತಕ ಮುಚ್ಚಿಡುವ ಹುಡುಗನೊಬ್ಬ ಐದನೇ ಗುಳಿಯ ಮುಂದೆ ಕೂತು ಬಾಯೊಳಗೇ ತುಳುವಿನಲ್ಲಿ "ಒಂಜಿ, ರಡ್ಡ್, ಮೂಜಿ" ಎಂದು ಎಣಿಸಿದ. ಕಾಯಿ ಮುಟ್ಟದೆಯೇ, "ಎರಡು ನನ್ನ ಬದಿ, ಎರಡು ಆಚೆ ಬದಿ" ಎಂದ. ಸರಿಯೇ.

"14 ಕಾಯಿ ಇದ್ದರೆ?"

ಅವನ ಬೆರಳು ಗಾಳಿಯಲ್ಲೇ ಮಣೆಗೊಂದು ಸುತ್ತು ಹಾಕಿತು. "ಅದೇ ಗುಳಿಗೆ ವಾಪಸ್ ಬರ್ತದೆ ಟೀಚರ್."

"20 ಇದ್ದರೆ?"

"ಒಂದು ಸುತ್ತು, ಮತ್ತೆ ಆರು ಗುಳಿ."

ಮರುದಿನ 20ನ್ನು 14ರಿಂದ ಭಾಗಿಸಲು ಬೋರ್ಡಿನಲ್ಲಿ ಬರೆದರೆ ಅವನು ಸುಮ್ಮನೆ ಕುಳಿತ. ಬೇಸರವಾಯಿತು, ಆದರೆ ತಪ್ಪು ನನ್ನದೇ. ಮಣೆಗೂ ಬೋರ್ಡಿಗೂ ನಡುವೆ ನಾನು ಸಂಕ ಹಾಕಿರಲಿಲ್ಲ. ಲೆಕ್ಕದ ಪಕ್ಕ 14 ಗುಳಿ ಬರೆದೆ. ಸುತ್ತು ಎಂದರೆ ಭಾಗಲಬ್ಧ, ಸುತ್ತು ಮುಗಿದು ಕೈಯಲ್ಲಿ ಉಳಿದದ್ದು ಶೇಷ ಎಂದು ಜೋಡಿಸಿ ತೋರಿಸಿದೆ. ಆಮೇಲಿನ ಮೂರು ಲೆಕ್ಕ ಅವನೇ ಮಾಡಿದ, ಪ್ರತಿ ಸಲವೂ ಗುಳಿ ಬರೆದುಕೊಂಡು. ಬರೆಯಲಿ, ನಾನು ಅವಸರ ಮಾಡುವುದಿಲ್ಲ.

ಈಗ ಯಾವ ಆಟವಿದ್ದರೂ ಕೊನೆಯ ಹತ್ತು ನಿಮಿಷ ನೋಟ್‌ಬುಕ್ಕಿಗೆ, "ಹೇಗೆ ಗೊತ್ತಾಯ್ತು?" ಎಂಬ ಪ್ರಶ್ನೆಗೆ. ಮೊನ್ನೆ ಒಂಬತ್ತು ಮನೆಯ ಮಾಯಾಚೌಕ ಕೊಟ್ಟಿದ್ದೆ, 1ರಿಂದ 9ರವರೆಗಿನ ಅಂಕಿ, ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಎಲ್ಲ ಸಾಲಿನ ಮೊತ್ತವೂ 15 ಆಗಬೇಕು. ನಡುವೆ 9 ಯಾಕೆ ಇಡಬಾರದು ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗಿ ತುಂಬಾ ಹೊತ್ತು ಬರೆದು ಅಳಿಸಿ ಎದ್ದು ನಿಂತಳು.

"9 ಇಟ್ಟರೆ ಎರಡೇ ಸಾಲು ಆಗ್ತದೆ ಟೀಚರ್. ನಡುವಿನದಕ್ಕೆ ನಾಲ್ಕು ಬೇಕಲ್ವಾ?"