ಕಾರ್ಡ್ ಕೊಟ್ಟಿದ್ದು ಯಾರು?

"ಕಂಪನಿನೇ ಕೊಟ್ಟಿದ್ದು ಮೇಡಮ್."

ಭಾನುವಾರದಿಂದ ಈ ಮಾತು ತಲೆ ಬಿಟ್ಟು ಹೋಗ್ತಿಲ್ಲ.

ನನ್ನ ತಮ್ಮ ಇಲ್ಲೇ ಮೈಸೂರಿನ ಅಗ್ರಹಾರದಲ್ಲಿ ಹಳೇ ಹೆಂಚಿನ ಮನೆ ನೋಡಿದ್ದಾನೆ. ಅಡ್ವಾನ್ಸ್ ಕೊಡೋ ಮುಂಚೆ ಮರಮುಟ್ಟು ತೋರಿಸೋಣ ಅಂತ ಪೆಸ್ಟ್ ಕಂಟ್ರೋಲಿನವರನ್ನು ಕರೆಸಿದ. ಬಂದವನು ಇಪ್ಪತ್ತೈದರ ಹುಡುಗ, ಮಂಡ್ಯದಿಂದ ಬೆಳಗಿನ ರೈಲು ಹಿಡಿದು ಬಂದಿದ್ದ. ಕೊರಳಲ್ಲಿ ‘ಸರ್ಟಿಫೈಡ್ ಇನ್‌ಸ್ಪೆಕ್ಟರ್’ ಅನ್ನೋ ಕಾರ್ಡ್. ಮೊಬೈಲ್ ಟಾರ್ಚಲ್ಲಿ ನಡುಮನೆ ತೊಲೆ ನೋಡಿದವನೇ, "ಗೆದ್ದಲು ಸಾರ್. ನೆಲಪೂರ್ತಿ ಡ್ರಿಲ್ ಹೊಡೆದು ಔಷಧಿ ಬಿಡ್ಬೇಕು" ಅಂದ.

ನಾನೂ ನೋಡಿದೆ. ತೊಲೆ ಕೆಳಗೆ ಮೈದಾಹಿಟ್ಟಿನಂಥ ಪುಡಿ, ಮರದ ಮೇಲೆ ಗುಂಡುಸೂಜಿ ಚುಚ್ಚಿದಂಥ ತೂತುಗಳು. ನೆಲದಿಂದ ಹತ್ತಿದ ಗೆದ್ದಲಾದರೆ ಗೋಡೆ ಮೇಲೆ ಮಣ್ಣಿನ ಗೆರೆ ಎಲ್ಲಾದರೂ ಇರಬೇಕಲ್ಲ? ಒಂದೂ ಇಲ್ಲ. ಇದು ಕುಟ್ಟೆ. ಅದರ ಮರಿಹುಳ ಮರದೊಳಗೇ ಕೂತು ಕೊರೆಯುತ್ತೆ, ನೆಲಕ್ಕೆ ಔಷಧಿ ಕುಡಿಸಿದರೆ ಅದಕ್ಕೇನಾಗಬೇಕು!

"ಈ ಕಾರ್ಡ್ ಯಾರು ಕೊಟ್ಟಿದ್ದಪ್ಪಾ?" ಅಂದೆ. ಉತ್ತರ ಮೇಲೇ ಇದೆ. ಹೇಳುವಾಗ ಅವನ ಕೈ ತಾನಾಗೇ ಕಾರ್ಡ್ ಮುಚ್ಚಿಕೊಂಡಿತು.

ತಮ್ಮ ಮೊಣಕೈಲಿ ತಿವಿದ. "ಸುಮ್ನಿರಕ್ಕ, ಪಾಪ." ಇವನು ಮೊದಲಿನಿಂದಲೂ ಹೀಗೇ, ದುಡ್ಡು ಕೊಡೋ ಕಡೆಯೂ ಇವನಿಗೇ ಸಂಕೋಚ. ನಮ್ಮಮ್ಮ ಹತ್ತು ರೂಪಾಯಿ ಬದನೆಕಾಯಿಯನ್ನೂ ತಿರುಗಿಸಿ ತಿರುಗಿಸಿ ತೂತು ಹುಡುಕ್ತಿದ್ದಳು. ಅವಳ ಮಗ ಲಕ್ಷಗಟ್ಟಲೆ ಮನೆಗೆ ಒಂದು ಪ್ರಶ್ನೆ ಕೇಳಲ್ಲ.

ದುಡ್ಡಿಗೆ ಔಷಧಿ ಹೊಡೆಯೋ ಕಸುಬಿಗೆ ಲೈಸೆನ್ಸ್ ಬೇಕು ಅಂತ 1971ರ ಕೀಟನಾಶಕ ನಿಯಮಗಳಲ್ಲೇ ಇದೆ. ಅದಕ್ಕೆ ಬೇಕಾದ ಕನಿಷ್ಠ 15 ದಿನದ ತರಬೇತಿ ಕೊಡೋ ಸಂಸ್ಥೆಗಳಲ್ಲಿ ನಮ್ಮೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೂಡ ಒಂದು. ಆದರೆ ಅದು ಹೊಡೆಯೋರ ಮಾತು. ಬಂದು ಬರೀ ನೋಡಿ ಹೇಳೋನಿಗೆ ಕೊರಳಲ್ಲಿ ಒಂದು ದಾರ ಇದ್ದರೆ ಸಾಕು. ಹೊಡೆಯೋರೇ ನೋಡೋಕೂ ಕಳಿಸಿದಾಗ "ಹುಳ ಇಲ್ಲ" ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ಆ ಹುಡುಗನಿಗಂತೂ ಬರಲ್ಲ, ಟಾರ್ಗೆಟ್ ಇರುತ್ತೆ.

ಗೇಟಿನ ಹತ್ತಿರ ಅವನಿಗೆ ಇದಿಷ್ಟು ಹೇಳಿ ನನ್ನ ನಂಬರ್ ಕೊಟ್ಟಿದ್ದೆ. ನಿನ್ನೆ ಫೋನ್ ಮಾಡಿದ.

"ಮೇಡಮ್, ಆ ಲೈಸೆನ್ಸ್‌ಗೆ ಏನು ಓದಿರ್ಬೇಕು?"

"ಅಗ್ರಿಕಲ್ಚರ್ ಡಿಗ್ರಿ, ಇಲ್ಲಾಂದ್ರೆ ಕೆಮಿಸ್ಟ್ರಿ ಇರೋ ಸೈನ್ಸ್ ಡಿಗ್ರಿ."

ಸ್ವಲ್ಪ ಹೊತ್ತು ಬರೀ ರೈಲಿನ ಸದ್ದು.

"ನಂದು ಐಟಿಐ ಮೇಡಮ್" ಅಂದ.