3,072 ಬೈಟುಗಳ ವ್ಯತ್ಯಾಸ

14 ನವೆಂಬರ್ 2024, ಗುರುವಾರ

ಪ್ರೋಗ್ರಾಮುಗಳನ್ನು ತಪಾಸಣೆ ಮಾಡುವ ವಾಲ್‌ಗ್ರಿಂಡ್‌ನ ಸಾಧನಗಳಲ್ಲೊಂದಾದ, ಮೆಮೊರಿ ಅಳೆಯುವ ಮಾಸಿಫ್ ಬರೆದಿಡುವ ಫೈಲನ್ನು ಓದಿ ಮೆಮೊರಿ ಬಳಕೆಯ ವರದಿ ತಯಾರಿಸುವ ಒಂದು ಸಣ್ಣ ಸಾಧನ ನಮ್ಮ ತಂಡದಲ್ಲಿದೆ. ಅದರ ಪರೀಕ್ಷೆಗಳ ಔಟ್‌ಪುಟ್ ಅನ್ನು ಇಷ್ಟು ದಿನ ಕಣ್ಣಿನಿಂದಲೇ ನೋಡಿ ಸರಿಯೋ ತಪ್ಪೋ ಎಂದು ತೀರ್ಮಾನಿಸುತ್ತಿದ್ದೆವು. ಆ ಕೆಲಸವನ್ನು ಸ್ಕ್ರಿಪ್ಟಿಗೆ ವಹಿಸಬೇಕೆಂದು ಸೋಮವಾರ ಆರಂಭಿಸಿದ್ದು ಇಂದು ಸಂಜೆ ಒಂದು ಹದಕ್ಕೆ ಬಂದಿದೆ.

ವಿಧಾನವನ್ನು ವಾಲ್‌ಗ್ರಿಂಡ್‌ನಿಂದಲೇ ಎರವಲು ಪಡೆದೆ. ಅದರ ಪ್ರತಿಯೊಂದು ಪರೀಕ್ಷೆಯ ಜೊತೆಗೂ ನಿರೀಕ್ಷಿತ ಔಟ್‌ಪುಟ್‌ನ ಫೈಲೊಂದು ಇರುತ್ತದೆ. ಪರ್ಲ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟೊಂದು ಪ್ರೋಗ್ರಾಮನ್ನು ಓಡಿಸಿ, ಬಂದ ಔಟ್‌ಪುಟ್‌ನಲ್ಲಿ ಪ್ರತಿ ಸಲವೂ ಬದಲಾಗುವ ಪ್ರೋಸೆಸ್ ಸಂಖ್ಯೆ, ಮೆಮೊರಿ ವಿಳಾಸ ಮುಂತಾದವುಗಳನ್ನು ಫಿಲ್ಟರಿನಿಂದ ಅಳಿಸಿ, ಉಳಿದದ್ದನ್ನು ನಿರೀಕ್ಷಿತ ಫೈಲಿನೊಂದಿಗೆ ಹೋಲಿಸುತ್ತದೆ. ಕೇಳಲು ಸುಲಭ, ಆದರೆ ಕಷ್ಟವೆಲ್ಲವೂ ಇರುವುದು ಏನನ್ನು ಅಳಿಸಬೇಕು ಎಂಬಲ್ಲಿ.

ಮೊದಲ ದಿನ ನಾನು ಮಾಡಿದ್ದು ಶುದ್ಧ ಸೋಮಾರಿತನ. ವರದಿಯಲ್ಲಿರುವ ಎಲ್ಲ ಸಂಖ್ಯೆಗಳನ್ನೂ ಒಂದೇ ಅಕ್ಷರಕ್ಕೆ ಬದಲಿಸುವ ಫಿಲ್ಟರ್ ಬರೆದೆ. ಎಲ್ಲ ಪರೀಕ್ಷೆಗಳೂ ಪಾಸಾದವು, ಮಂಗಳವಾರವೂ ಪಾಸಾದವು. ಬುಧವಾರ ಬೆಳಿಗ್ಗೆ ಹಿರಿಯ ಸಹೋದ್ಯೋಗಿಯೊಬ್ಬರು ಪರದೆಯನ್ನು ನೋಡಿ, "ಇದು ಫೇಲಾಗುವುದನ್ನು ಒಮ್ಮೆಯಾದರೂ ನೋಡಿದ್ದೀರಾ?" ಎಂದು ಕೇಳಿದರು. ಪರೀಕ್ಷಾ ಪ್ರೋಗ್ರಾಮಿನಲ್ಲಿ 800 ಬೈಟ್ ಕೇಳುವ ಜಾಗದಲ್ಲಿ 1600 ಎಂದು ಬದಲಿಸಿ ಓಡಿಸಿದೆ. ಪಾಸ್. ಮೆಮೊರಿಯನ್ನು ಅಳೆಯುವ ಸಾಧನದ ಪರೀಕ್ಷೆಯಲ್ಲಿ ನಾನು ಅಳತೆಯನ್ನೇ ಅಳಿಸಿಹಾಕಿದ್ದೆ.

ಆದ್ದರಿಂದ ವಿಳಾಸಗಳು, ಪ್ರೋಸೆಸ್ ಸಂಖ್ಯೆ ಮತ್ತು ಕಮಾಂಡಿನ ಪೂರ್ಣ ದಾರಿ, ಈ ಮೂರನ್ನು ಮಾತ್ರ ಅಳಿಸಿ, ಬೈಟುಗಳ ಲೆಕ್ಕವನ್ನು ಹಾಗೆಯೇ ಉಳಿಸುವುದೆಂದು ತೀರ್ಮಾನಿಸಿದೆ. ಹಾಗೆ ಉಳಿಸಬೇಕಾದರೆ ಆ ಲೆಕ್ಕ ಎಲ್ಲ ಯಂತ್ರಗಳಲ್ಲಿಯೂ ಒಂದೇ ಆಗಿರಬೇಕಾಗುತ್ತದೆ. ಮಾಸಿಫ್ ಕಾಲವನ್ನು ಸಾಮಾನ್ಯವಾಗಿ ಇನ್‌ಸ್ಟ್ರಕ್ಷನ್‌ಗಳ ಎಣಿಕೆಯಲ್ಲಿ ಅಳೆಯುತ್ತದೆ. ಅದರ ಬದಲು ಹಂಚಿದ ಮತ್ತು ಬಿಡುಗಡೆ ಮಾಡಿದ ಬೈಟುಗಳಲ್ಲಿ ಅಳೆಯುವಂತೆ ಹೇಳಿದರೆ ಯಂತ್ರದಿಂದ ಯಂತ್ರಕ್ಕೆ ವ್ಯತ್ಯಾಸ ಬಹುಮಟ್ಟಿಗೆ ಇಲ್ಲವಾಗುತ್ತದೆ. ಶಿಖರದ, ಅಂದರೆ ಅತಿ ಹೆಚ್ಚು ಮೆಮೊರಿ ಬಳಕೆಯಾದ ಕ್ಷಣದ, ಅಳತೆಯಲ್ಲಿ ಅದು ತಾನಾಗಿ ಶೇ. 1ರಷ್ಟು ವ್ಯತ್ಯಾಸಕ್ಕೆ ರಿಯಾಯಿತಿ ತೆಗೆದುಕೊಳ್ಳುವುದರಿಂದ ಅದನ್ನು ಸೊನ್ನೆಗೆ ಇಳಿಸಿದೆ. 800 ಎಂಬ ಸಂಖ್ಯೆಯೂ ಬೇಕೆಂದೇ ಆರಿಸಿದ್ದು: ಅದು 8ರಿಂದಲೂ 16ರಿಂದಲೂ ಭಾಗವಾಗುತ್ತದೆ. 1000 ಎಂದು ಕೊಟ್ಟಿದ್ದರೆ, ಗಾತ್ರವನ್ನು 16ರ ಗಡಿಗೆ ಏರಿಸುವ 64 ಬಿಟ್ ಯಂತ್ರದಲ್ಲಿ ಅದು 1008ಕ್ಕೆ ಏರಿ, ಪ್ರತಿ ಬ್ಲಾಕಿಗೂ (ಒಂದು ಸಲಕ್ಕೆ ಕೇಳಿ ಪಡೆದ ಮೆಮೊರಿ ತುಂಡಿಗೂ) ಸೇರುವ 8 ಬೈಟಿನ ಆಡಳಿತ ವೆಚ್ಚದೊಂದಿಗೆ 1016 ಆಗುತ್ತಿತ್ತು. 8ರ ಗಡಿ ಸಾಕೆನ್ನುವ 32 ಬಿಟ್ ಯಂತ್ರದಲ್ಲಿ 1008ಕ್ಕೇ ನಿಲ್ಲುತ್ತಿತ್ತು. ಈಗ ಪರೀಕ್ಷೆಯ ಹತ್ತು ಬ್ಲಾಕಿಗೆ, ತಲಾ 808ರಂತೆ, ಎರಡೂ ಕಡೆ 8,080.

ಇಷ್ಟಾದ ಮೇಲೂ ನಿನ್ನೆ ರಾತ್ರಿಯ ಸ್ವಯಂಚಾಲಿತ ಓಟದಲ್ಲಿ ಒಂದು ಪರೀಕ್ಷೆ ಬಿದ್ದಿತ್ತು. ನನ್ನ ಯಂತ್ರದಲ್ಲಿ ಶಿಖರ 9,112 ಬೈಟ್, ಸರ್ವರಿನಲ್ಲಿ 12,184. ವ್ಯತ್ಯಾಸ ಸರಿಯಾಗಿ 3,072. ನಮ್ಮ ಕೋಡಿನಲ್ಲಿ ಎಲ್ಲಿಯೂ ಇಲ್ಲದ ಈ ಸಂಖ್ಯೆಯನ್ನು ಅರ್ಧ ದಿನ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಪ್ರೋಗ್ರಾಮಿನ ಮೊದಲ ಸಾಲಿನಲ್ಲಿದ್ದ, ಪಠ್ಯ ಮುದ್ರಿಸುವ ಬಡಪಾಯಿ ಪ್ರಿಂಟ್‌ಎಫ್. ಮೊದಲ ಸಲ ಮುದ್ರಿಸುವಾಗ ಸಿ ಭಾಷೆಯ ಲೈಬ್ರರಿಯಾದ ಗ್ಲಿಬ್‌ಸಿ ಒಂದು ಬಫರನ್ನು (ಔಟ್‌ಪುಟ್ ಕೂಡಿಡುವ ತಾತ್ಕಾಲಿಕ ಜಾಗವನ್ನು) ಹೀಪಿನಿಂದ, ಅಂದರೆ ಮಾಸಿಫ್ ಅಳೆಯುವ ಮೆಮೊರಿಯಿಂದಲೇ, ಪಡೆಯುತ್ತದೆ; ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದ್ದರೆ 1024 ಬೈಟ್, ಪೈಪಿನ ಮೂಲಕ ಇನ್ನೊಂದು ಪ್ರೋಗ್ರಾಮಿಗೆ ಹೋಗುತ್ತಿದ್ದರೆ 4096. ನಾನು ಟರ್ಮಿನಲ್ ಮುಂದೆ ಕುಳಿತು ನಿರೀಕ್ಷಿತ ಫೈಲನ್ನು ತಯಾರಿಸಿದ್ದೆ. ಸರ್ವರಿನ ಮುಂದೆ ಯಾರೂ ಕುಳಿತಿರಲಿಲ್ಲ.

ಇಂಥ ಕಡೆ ವಾಲ್‌ಗ್ರಿಂಡ್‌ನವರು ಒಂದೇ ಪರೀಕ್ಷೆಗೆ ಹಲವು ನಿರೀಕ್ಷಿತ ಫೈಲುಗಳನ್ನು ಇಡುವುದುಂಟು, ಯಾವುದಾದರೊಂದು ಹೊಂದಿದರೆ ಸಾಕು. ಅಷ್ಟೊಂದು ಬಗೆಯ ಪ್ರೊಸೆಸರುಗಳನ್ನು ಸಂಭಾಳಿಸುವ ಅವರಿಗೆ ಅದು ಅನಿವಾರ್ಯ. ನನಗೆ ಮನಸ್ಸು ಒಪ್ಪಲಿಲ್ಲ. 9,112 ಕೂಡ ಸರಿ, 12,184 ಕೂಡ ಸರಿ ಎಂದು ಬರೆದುಕೊಟ್ಟರೆ, ನಾಳೆ ನಿಜವಾಗಿಯೂ ಅಷ್ಟೇ ಬೈಟು ಹೆಚ್ಚಾದಾಗ ಸ್ಕ್ರಿಪ್ಟು ಅದನ್ನು ಬಾಗಿಲು ತೆರೆದು ಒಳಗೆ ಬಿಡುತ್ತದೆ. ಹಾಗಾಗಿ ಆ ಮುದ್ರಣದ ಸಾಲನ್ನೇ ತೆಗೆದೆ. ಮುದ್ರಿಸಲೇಬೇಕಾದ ಇನ್ನೊಂದು ಪರೀಕ್ಷೆಯಲ್ಲಿ, ಬಫರ್ ಪಡೆಯುವ ಆ ಒಂದು ಫಂಕ್ಷನ್ನನ್ನು ಮಾತ್ರ ಲೆಕ್ಕದಿಂದ ಬಿಡುವಂತೆ ಮಾಸಿಫ್‌ಗೆ ಹೆಸರಿಟ್ಟು ಹೇಳಿದೆ.

ಅನಂತರ ಮತ್ತೆ 1600 ಹಾಕಿ ಓಡಿಸಿದೆ. ಈ ಸಲ ಬಿತ್ತು: 8,080 ಇರಬೇಕಾದಲ್ಲಿ 16,080. ಒಂದು ಪರೀಕ್ಷೆ ಬಿದ್ದದ್ದಕ್ಕೆ ಇಷ್ಟು ಸಂತೋಷಪಟ್ಟದ್ದು ನೆನಪಿಲ್ಲ.

ನಾಳೆ ಸಿ++ ಪರೀಕ್ಷೆಗಳ ಸರದಿ. ಜಿಸಿಸಿ ಕಂಪೈಲರಿನ 5ರ ನಂತರದ ಹಲವು ಆವೃತ್ತಿಗಳಲ್ಲಿ, 64 ಬಿಟ್ ಯಂತ್ರದ ಮೇಲೆ, ನಾವು ಒಂದು ಬೈಟನ್ನೂ ಕೇಳುವ ಮೊದಲೇ ಅದರ ಲೈಬ್ರರಿ ಎಕ್ಸೆಪ್ಷನ್‌ಗಳಿಗೆಂದು (ಓಟದ ನಡುವೆ ಎದುರಾಗುವ ದೋಷಗಳನ್ನು ನಿಭಾಯಿಸಲೆಂದು) 72,704 ಬೈಟುಗಳನ್ನು ತೆಗೆದಿಟ್ಟುಕೊಳ್ಳುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ಇನ್ನೂ ನಿರ್ಧರಿಸಿಲ್ಲ.